ಅಂಚು ಹೊಲಿಯದ ಸ್ಯಾಟಿನ್ ಗೌನು

ಪ್ಯಾರಿಸ್,
ಜೂನ್ ೧೨, ೧೯೭೩

ನನ್ನ ಮುದ್ದಿನ ತಂಗಿ ಸೊಲಾಂಜ್,

ಮಂಡಿನೋವು ಹೇಗಿದೆ? ಮಾಂಟ್ರಿಯಲ್‌ನಲ್ಲಿ ಈಗಲಾದರೂ ಬಿಸಿಲು ಬಂತೋ, ಇಲ್ಲ ಇನ್ನೂ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಮಲಗುತ್ತೀಯೋ? ಔಷಧ ಬಿಡಬೇಡ. ನಾನು ಗಟ್ಟಿಮುಟ್ಟಾಗಿದ್ದೇನೆ, ಸೂಜಿಗೆ ದಾರ ಪೋಣಿಸಲು ಮಾತ್ರ ಮೊಮ್ಮಗಳು ಒಡಿಲ್‌ಳನ್ನು ಕೂಗಬೇಕು. ಅವಳ ವಿಷಯಕ್ಕೇ ಬರುತ್ತಿದ್ದೇನೆ. ಕೈಯಲ್ಲಿ ಕಾಫಿ ಇದ್ದರೆ ಕೆಳಗಿಡು.

ಒಡಿಲ್‌ಗೆ ಮದುವೆ! ಹುಡುಗ ಸೈಕಲ್ ರಿಪೇರಿ ಮಾಡುತ್ತಾನೆ, ಕಿವಿ ಸ್ವಲ್ಪ ದೊಡ್ಡದು, ಮನಸ್ಸು ಇನ್ನೂ ದೊಡ್ಡದು. ನನ್ನ ಮಗಳು ಅವಳನ್ನು ಊರಿನ ಮದುವೆ ಗೌನಿನ ಅಂಗಡಿಗಳಿಗೆಲ್ಲ ಎಳೆದಾಡಿದಳು. ಒಂದೂ ಹಿಡಿಸಲಿಲ್ಲ. "ಬೇಕರಿ ಕೇಕ್ ಥರ ಇದೆ ಅಮ್ಮಾ, ಮೇಲೊಂದು ಚೆರ್ರಿ ಇಟ್ಬಿಡು" ಎಂದು ಮೂಗು ಮುರಿದಳಂತೆ. ಕಳೆದ ಭಾನುವಾರ ಮೇಜಿನ ಬಟ್ಟೆಗೆಂದು ನನ್ನ ಪೆಟ್ಟಿಗೆ ತೆಗೆದವಳ ಕೈಗೆ ತಳದಲ್ಲಿದ್ದ ನೀಲಿ ಕಾಗದದ ಗಂಟು ಸಿಕ್ಕಿತು. ಹೌದು ಸೊಲಾಂಜ್, ಅದೇ. ಲೆ ಹಾವ್ರ್ ಬಂದರಿನಲ್ಲಿ ಹಡಗು ಹತ್ತುವಾಗ ನೀನು "ಸುಟ್ಟಾಕು, ಇಲ್ಲಾ ಕಿಟಕಿ ಪರದೆ ಮಾಡ್ಕೋ, ನನ್ನ ಕಣ್ಣಿಗೆ ಮಾತ್ರ ಬೀಳ್ಬಾರ್ದು" ಎಂದಿದ್ದೆಯಲ್ಲ, ನಿನ್ನ ಮದುವೆಯ ಗೌನು. ಅಂಥ ಸ್ಯಾಟಿನ್‌ಗೆ ಬೆಂಕಿ ಇಡಲು ನನಗೆ ಕೈ ಬರಲಿಲ್ಲ ಕಣೇ. ಓರೆಯಾಗಿ ಕತ್ತರಿಸಿದ ಬಟ್ಟೆ ವರ್ಷಗಟ್ಟಲೆ ನೇತಾಡಿದರೆ ಜೋಲುತ್ತದೆಂದು ಮಡಿಸಿ ಇಟ್ಟಿದ್ದೆ.

ಹುಡುಗಿ ತೊಟ್ಟೇ ಬಿಟ್ಟಳು. ಗುಂಡಿ ಇಲ್ಲ, ಕೊಕ್ಕೆ ಇಲ್ಲ, ತಲೆಯ ಮೇಲಿಂದ ಇಳಿಸಿದ್ದೇ ತಡ, ಕೆನೆಹಾಲು ಸುರಿದ ಹಾಗೆ ಮೈಗುಂಟ ಇಳಿಯಿತು. ಬೆನ್ನು ಸೊಂಟದವರೆಗೆ ಬರಿದು! ನನ್ನ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ನನಗೆ ಕಂಡವಳು ನೀನೇ. ೧೯೩೨ರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದ ಮದಾಂ ಬ್ಲೋಂಡೆಲ್‌ಳ ಹೊಲಿಗೆಮನೆಯ ಕನ್ನಡಿಯ ಮುಂದೆ, ಗಿಡ್ಡ ಕೂದಲು, ಗೆರೆಯಂಥ ಹುಬ್ಬು, ನಿನ್ನ ಚಂದಕ್ಕೆ ನೀನೇ ನಗುತ್ತಿದ್ದೆ. ನಾನು ಸಂತೋಷ ತಡೆಯಲಾರದೆ ಅತ್ತುಬಿಟ್ಟೆ.

"ಅಜ್ಜೀ, ಇದು ಹಳೇದಾ? ಅಂಗಡಿ ಕಿಟಕೀಲೆಲ್ಲ ಈಗ ಇದೇ ಇದೆ!" ಎಂದಳು ಒಡಿಲ್. ನಂಬದೆ ನೋಡಲು ಹೋದೆ. ನಿಜ ಸೊಲಾಂಜ್! ಅದೇ ಓರೆ ಕತ್ತರಿಕೆ, ಅದೇ ಬರಿಬೆನ್ನು, ಮೊಣಕಾಲಿಗೆ ಬಡಿಯುವ ಮಣಿಸರ, ಕಿವಿ ಮುಚ್ಚುವ ನಮ್ಮ ಟೋಪಿ! ಸಂತೆಯಲ್ಲಿ ನಮ್ಮ ಕಾಲದ ಹಳೇ ಬಟ್ಟೆಗೆ ಹುಡುಗಿಯರು ಜಡೆ ಹಿಡಿದು ಜಗಳವಾಡುತ್ತಾರಂತೆ. "ಒಂದು ಬೇಸಿಗೆ ಹುಚ್ಚು ಇದು, ಮುಂದಿನ ವರ್ಷ ಯಾರೂ ಮೂಸಲ್ಲ" ಎನ್ನುತ್ತಿದ್ದರಲ್ಲ ಅಪ್ಪ? ಅಂಗಡಿಯ ಎದುರಿಗೇ ನಿಂತು "ನೋಡಪ್ಪಾ, ಚೆನ್ನಾಗಿ ನೋಡು!" ಎಂದು ಕೂಗಿದೆ. ಮಾರುವ ಹುಡುಗಿ ಬೆದರಿ ಒಳಗೋಡಿದಳು.

ಈಗ ಅಂಚಿನ ಮಾತು. ಕತ್ತರಿಸಿದವಳು ನೀನೇ. ಬಟ್ಟೆ ತನಗೆ ಬೇಕಾದಷ್ಟು ಇಳಿಯಲಿ, ಆಮೇಲೆ ಅಂಚು ಹೊಲಿಯೋಣ ಎಂದು ತೂಗುಹಾಕಿದ್ದೆ. ಮದುಮಗಳ ಗೌನಿನ ಅಂಚಿನೊಳಗೆ ತನ್ನ ಕೂದಲೆಳೆ ಇಟ್ಟು ಹೊಲಿದವಳಿಗೆ ವರ್ಷದೊಳಗೆ ಮದುವೆ ಎಂದು ಹೊಲಿಗೆಮನೆಯ ಹುಡುಗಿಯರೆಲ್ಲ ಕೂದಲು ಕಿತ್ತುಕೊಂಡು ಸರದಿ ನಿಂತಿದ್ದರು. ಅಷ್ಟರಲ್ಲಿ ನಿನ್ನನ್ನು ಮದುವೆಯಾಗಬೇಕಿದ್ದ ಫರ್ನಾಂನ ತಮ್ಮ ಮೆಟ್ಟಿಲ ಮೇಲೆ ಟೋಪಿ ಹಿಂಡುತ್ತ ನಿಂತು, ಅಣ್ಣ ರೂವಾನ್ ಪಟ್ಟಣದಲ್ಲಿ ಹೋಟೆಲಿನವಳನ್ನು ಮದುವೆಯಾದನೆಂದು ಹೇಳಿದ. ನೀನು ಕತ್ತರಿ ಕೆಳಗಿಟ್ಟೆ. ಆ ಅಂಚನ್ನು ಅಂದಿನಿಂದ ಯಾರೂ ಮುಟ್ಟಿಲ್ಲ. ನಿನ್ನ ಸೀಮೆಸುಣ್ಣದ ಗುರುತು ಇನ್ನೂ ಇದೆ.

ನನ್ನ ಮಗಳು ಅವತ್ತೇ ಮೆಷಿನ್‌ಗೆ ಕೊಡಲು ಹೊರಟಿದ್ದಳು. "ಮುಟ್ಟಿದ್ರೆ ಬೆರಳು ಮುರೀತೀನಿ! ಮೊದ್ಲು ಅದು ನೇತಾಡ್ಬೇಕು" ಎಂದು ಗದರಿಸಿದೆ. ಒಡಿಲ್‌ಳದು ಬೇರೆಯೇ ಹಟ. "ಚಿಕ್ಕಜ್ಜಿ ಹೂಂ ಅಂದ್ರೆ ಮಾತ್ರ ಹಾಕ್ಕೋತೀನಿ. ಅವ್ರ ಸಂಕಟದ ಬಟ್ಟೇನ ಕದ್ದು ತೊಡಲ್ಲ" ಎಂದಳು. ಹಾಗಾಗಿ ಮಾತು ನಿನ್ನದು. ನೀನು ಬೇಡವೆಂದರೆ ಮತ್ತೆ ನೀಲಿ ಕಾಗದದಲ್ಲಿ ಸುತ್ತಿಡುತ್ತೇನೆ, ಬೈಯುವುದಿಲ್ಲ. ಆದರೆ ಆ ಮನುಷ್ಯ ನಿನ್ನ ನಲವತ್ತು ವರ್ಷವನ್ನು ಒಂಟಿಯಾಗಿ ಕಳೆಯುವಂತೆ ಮಾಡಿದ. ಈ ಗೌನೂ ಅವನ ಪಾಲಿಗೇ ಹೋಗಬೇಕೇ?

ಒಡಿಲ್‌ಳ ಮುತ್ತುಗಳು, ಅವಳ ಅಮ್ಮನ ನೆನಪುಗಳು, ನನ್ನ ತುಂಬು ಮನಸ್ಸಿನ ಹಾರೈಕೆ ನಿನಗೆ.

ನಿನ್ನ ಅಕ್ಕ,
ಲಿಯೊಂಟೀನ್

ಮರೆತಿದ್ದೆ: ಅವಸರದಲ್ಲಿ ಮುಖ್ಯವಾದದ್ದೇ ಉಳಿಯಿತು. ಮದುವೆ ಸೆಪ್ಟೆಂಬರ್ ಮೊದಲ ಶನಿವಾರ. ಕತ್ತರಿಸಿದವಳೇ ಅಂಚು ಸಮ ಮಾಡಬೇಕೆಂಬುದು ಮದಾಂ ಬ್ಲೋಂಡೆಲ್‌ಳ ಕಟ್ಟಳೆ, ನಾನು ಮುರಿಯಲಾರೆ. ಆದ್ದರಿಂದ ಒಪ್ಪಿಗೆಯನ್ನು ಕಾಗದದಲ್ಲಿ ಕಳಿಸಬೇಡ, ಕತ್ತರಿ ಹಿಡಿದು ನೀನೇ ಬಾ. ಅಂಚಿನೊಳಗೆ ಕೂದಲೆಳೆ ಇಡುವ ಜಾಗವನ್ನು ಒಡಿಲ್ ನಿನಗೇ ಕಾದಿಟ್ಟಿದ್ದಾಳೆ, ನನಗೂ ಕೊಡಲಿಲ್ಲ. ಕೂದಲು ಬೆಳ್ಳಗಾಗಿದೆ ಎಂದು ನೆಪ ಹೇಳಬೇಡ. ದಂತದ ಬಣ್ಣದ ಸ್ಯಾಟಿನ್‌ನಲ್ಲಿ ಅದು ಯಾರಿಗೂ ಕಾಣುವುದಿಲ್ಲ.