ಜೇನಂಗಡಿಯ ನಮ್ಮಜ್ಜಿ

ಶನಿವಾರ, ಸಂಜೆ

ಇವತ್ತು ಪ್ರವಾಸಿಗರ ಗುಂಪು ದೊಡ್ಡದು. ಗಡಿಯಾರದ ಗೋಪುರ, ಹಳೇ ಕೋರ್ಟು, ಮೀನಿನ ಸಾಲು, ಹಣ್ಣಿನ ಸಾಲು — ಹೇಳಿ ಹೇಳಿ ಗಂಟಲು ಕಟ್ಟಿಹೋಯಿತು. ಕೋರ್ಟಿನ ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲರ ಮುಖ ಬಾಡಿತ್ತು. ಹಳೇ ಕಲ್ಲನ್ನು ಎಷ್ಟೂಂತ ನೋಡುತ್ತಾರೆ, ಪಾಪ. ಎಂದಿನಂತೆ ತುರುಪಿನ ಎಲೆ ಬಿಟ್ಟೆ. ಮಾರುಕಟ್ಟೆ ಮೂಲೆಯ ಜೇನಂಗಡಿ. "ಇವರು ನಮ್ಮಜ್ಜಿ. ನಾನು ಆಡಿ ಬೆಳೆದಿದ್ದು ಇದೇ ಅಂಗಡೀಲಿ."

ಅಪ್ಪಟ ಸುಳ್ಳು. ಈ ಊರಿಗೆ ಬಂದು ಮೂರು ವರ್ಷವಾಗಿಲ್ಲ. ಗೈಡ್ ಆದ ಹೊಸತರಲ್ಲಿ ಬಾಯಿಗೆ ಬಂದ ಮಾತು. ಅಜ್ಜಿಯೂ ಕಣ್ಣು ಮಿಟುಕಿಸದೆ ಹೂಂಗುಟ್ಟಿದ್ದಳು. ಅಂದಿನಿಂದ ಇದೇ ನಾಟಕ. ಕಡ್ಡಿಯನ್ನು ಜೇನಿಗೆ ಅದ್ದಿ ಒಬ್ಬೊಬ್ಬರಿಗೂ ಕೊಡುತ್ತಾಳೆ, ಜೊತೆಗೆ ದಿನಕ್ಕೊಂದು ಕಥೆ. ಇವತ್ತಿನದು: "ಈ ಪುಟ್ಟಿ ಚಿಕ್ಕೋಳಿದ್ದಾಗ ಭರಣಿಯೊಳಗೆ ತಲೆ ತೂರಿಸ್ಕೊಂಡು ಕೂತಿದ್ಲು. ಇರುವೆ ಮುತ್ಕೊಂಡ ಮೇಲೇ ಅತ್ತಿದ್ದು!" ನನಗೇ ನೆನಪಿದ್ದಂತೆ ಅನಿಸಿತು. ಎಲ್ಲರೂ ಬಾಟಲಿ ಕೊಂಡರು. ಅವಳಿಗೆ ವ್ಯಾಪಾರ, ನನಗೆ ಒಳ್ಳೇ ರಿವ್ಯೂ.

ಬುಧವಾರ

ಗುಂಪು ಹೋದ ಮೇಲೆ ಅಜ್ಜಿ ಕೈ ಹಿಡಿದು ನಿಲ್ಲಿಸಿದಳು. ಕಣ್ಣಿನ ಪೊರೆ ತೆಗೆಸಬೇಕಂತೆ. "ಸೋಮವಾರ ಸೋಮವಾರ ಮಾಡ್ತಾರಂತೆ. ಜೊತೇಲಿ ಮನೆಯವರು ಒಬ್ರು ಇರ್ಲೇಬೇಕಂತೆ. ನಂಗ್ಯಾರಿದಾರೆ ಪುಟ್ಟಿ? ನೀನು ಬರ್ತೀಯಾ?"

"ಅಯ್ಯೋ, ಅದಕ್ಕೇನಂತೆ ಅಜ್ಜಿ! ಈ ಸೋಮವಾರ ಬೆಳಗ್ಗೇನೇ ಆಸ್ಪತ್ರೆ ಗೇಟ್ ಹತ್ರ ಇರ್ತೀನಿ."

ಗುಂಪು ಹೋಗಿದ್ದರೂ ನಾಟಕದ ದನಿಯಲ್ಲೇ ಹೇಳಿದೆ. ಬರೆಯುವಾಗ ತಿಳಿಯುತ್ತಿದೆ.

ಭಾನುವಾರ

ಬಾಸ್ ಫೋನ್. ನಾಳೆಗೆ ದೊಡ್ಡ ಬುಕಿಂಗ್, ಯಾವುದೋ ಕಂಪನಿಯವರು. ಒಪ್ಪಿಕೊಂಡೆ. ಅಜ್ಜಿಯ ಹತ್ತಿರ ಫೋನಿಲ್ಲ. ಪಕ್ಕದ ಅಂಗಡಿಯವರು ಯಾರಾದರೂ ಹೋಗುತ್ತಾರೆ ಬಿಡು. ನಾನೇನು ಅವಳ ಸ್ವಂತ...

ಸೋಮವಾರ

ಥೂ, ನನ್ನ ಜನ್ಮಕ್ಕಿಷ್ಟು.

ಜೇನಂಗಡಿ ಮುಚ್ಚಿತ್ತು. ಸುಮ್ಮನೆ ದಾಟಿಹೋಗಬಹುದಿತ್ತು. ಬಾಯಿ ಕೇಳಬೇಕಲ್ಲ. "ಇದು ನಮ್ಮಜ್ಜಿ ಅಂಗಡಿ. ಪಾಪ, ಇವತ್ತು ಅವರಿಗೆ ಕಣ್ಣಿನ ಆಪರೇಷನ್." ಎಲ್ಲರೂ ಲೊಚಗುಟ್ಟಿದರು. ಹಿಂದೆ ನಿಂತಿದ್ದ ಒಬ್ಬ ಹೆಂಗಸು ಮಾತ್ರ ನನ್ನನ್ನೇ ನೋಡಿದರು.

"ಮತ್ತೆ ನೀವಿಲ್ಲಿ ಏನ್ ಮಾಡ್ತಿದೀರಮ್ಮ?"

ಗೋಪುರದತ್ತ ಕೈ ತೋರಿಸಿ ಗಡಿಯಾರದ ಬಗ್ಗೆ ಏನೋ ಬಡಬಡಿಸಿದೆ. ಮುಖ ಇನ್ನೂ ಕಾದ ಹೆಂಚಿನಂತಿದೆ.

ಶುಕ್ರವಾರ

ಮೂರು ದಿನ ಮಾರುಕಟ್ಟೆಯ ಹಿಂಬಾಗಿಲಿಂದ ಗುಂಪನ್ನು ನುಗ್ಗಿಸಿದೆ, ಕಳ್ಳಿಯ ಹಾಗೆ. ಇವತ್ತು ಗುಂಪೇ ಕೇಳಿತು: "ನಿಮ್ಮಜ್ಜಿ ಎಲ್ಲಿ? ರಿವ್ಯೂನಲ್ಲಿ ಓದಿದ್ವಿ." ತಪ್ಪಿಸಿಕೊಳ್ಳಲಾಗಲಿಲ್ಲ.

ಅಜ್ಜಿ ಅಂಗಡಿಯಲ್ಲಿ ಕೂತಿದ್ದಳು. ಕಣ್ಣಿಗೆ ಪಟ್ಟಿ ಇಲ್ಲ. ಪಕ್ಕದ ಮೊಟ್ಟೆಯಂಗಡಿಯವನು ಮೆಲ್ಲಗೆ ಹೇಳಿದ: "ಸಾಯಂಕಾಲದವರೆಗೂ ಗೇಟ್ ಹತ್ರ ಕೂತಿದ್ರಂತೆ. ಮನೆಯವರಿಲ್ಲ ಅಂತ ವಾಪಸ್ ಕಳಿಸಿದ್ರು. ನಾನೇ ಹೋಗ್ತಿದ್ದೆ ಕಣಮ್ಮ. ಮೊಮ್ಮಗಳು ಬರ್ತಾಳೆ, ನೀನ್ಯಾಕೆ ಅಂದ್ಬಿಟ್ರು."

ಅಜ್ಜಿ ಕಡ್ಡಿ ಅದ್ದಿದಳು. ಭರಣಿಯ ಬಾಯಿ ಕಾಣದೆ ಕೈ ತಡವರಿಸಿತು, ಜೇನು ಮೇಜಿನ ಮೇಲೆಲ್ಲ ಹರಿಯಿತು. "ನಮ್ಮ ಪುಟ್ಟಿಗೆ ತುಂಬಾ ಕೆಲಸ. ಆದ್ರೂ ಅಜ್ಜೀನ ಮರೆಯಲ್ಲ" ಎಂದಳು ಗುಂಪಿನವರಿಗೆ. ನೆಲ ಬಾಯಿ ಬಿಡಬಾರದಿತ್ತೆ.

ಗುಂಪು ಮುಂದೆ ಹೋಯಿತು. "ಅಜ್ಜಿ, ಬರೋ ಸೋಮವಾರ ನಾನೇ..."

ಕೈ ಒರೆಸಿಕೊಳ್ಳುತ್ತಾ ಹೇಳಿದಳು: "ನೀವು ಹೊರಡಿ. ನಿಮ್ಮ ಜನ ಕಾಯ್ತಿದಾರೆ."

ನೀವು ಅಂದಳು.

ಸೋಮವಾರ, ಬೆಳಗ್ಗೆ ಏಳು

ಟೂರ್ ಆಗಲ್ಲ ಅಂದೆ. ಬಾಸ್ ಕೂಗಾಡಿದ. ಕೂಗಾಡಲಿ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಅಂಗಡಿ ಇಷ್ಟು ಬೇಗ ತೆರೆದಿರುವುದಿಲ್ಲ, ಮನೆಗೇ ಹೋಗಬೇಕು. ಕೋರ್ಟಿನ ಕಂಬ ಕೆತ್ತಿದವನು ಯಾವ ಊರಿನವನು ಅಂತ ನನಗೆ ಗೊತ್ತು. ಅಜ್ಜಿ ಇರುವುದು ಯಾವ ಬೀದಿ, ಗೊತ್ತಿಲ್ಲ. ಮೊಟ್ಟೆಯಂಗಡಿಯವನು ಬೆಳಗಾಗುತ್ತಲೇ ಬಾಗಿಲು ತೆರೆಯುತ್ತಾನೆ, ಅವನನ್ನೇ ಕೇಳಬೇಕು. ಹೋಗಿ ಏನಂತ ಕೇಳಲಿ — ನಮ್ಮಜ್ಜಿ ಮನೆ ಎಲ್ಲಿ ಅಂತ...