ಬಾಗಿಲಿಗೆ ಬಂದ ಹಲಗೆ

ಸ್ಟುಟ್‌ಗಾರ್ಟ್, ಗುರುವಾರ

ಅಪ್ಪಾ,

ನಾವೆಲ್ಲ ಚೆನ್ನಾಗಿದ್ದೇವೆ. ಈ ಕಟ್ಟಡದಲ್ಲಿ ಮೆಟ್ಟಿಲು ಗುಡಿಸುವ ಸರದಿ ಯಾರದೋ ಅವರ ಬಾಗಿಲಿಗೆ ವಾರವಿಡೀ ಒಂದು ಹಲಗೆ ನೇತಾಡುತ್ತದೆ. ಬಂದ ಹೊಸದರಲ್ಲಿ ನಮ್ಮ ಬಾಗಿಲಲ್ಲಿ ಅದನ್ನು ಕಂಡು ನಿನ್ನ ಅಳಿಯ, "ಬಲ್ಗೇರಿಯದವರು ಗಲೀಜು ಅಂತ ಬೋರ್ಡು ಹಾಕಿದಾರೆ ನೋಡೇ!" ಎಂದು ಕೂಗಾಡಿದ್ದ.

ಮಗು ಹುಟ್ಟಿದ ಮೇಲೆ ಹಲಗೆ ನಮ್ಮ ಬಾಗಿಲು ದಾಟಿ ಮುಂದೆ ಹೋಗತೊಡಗಿತು. ಮೊನ್ನೆ ನಾನೇ ಹೋಗಿ ಎದುರುಮನೆಯ ಕ್ರಾಮರ್ ಅಜ್ಜಿಯನ್ನು ಕೇಳಿದೆ: "ನಮ್ಮ ಸರದಿ ಯಾಕೆ ತಪ್ಪಿಸ್ತೀರಿ? ನಾವೇನು ನೆಂಟರಾ?"

"ತಗೊಳಮ್ಮ, ಮೂಲೆ ಮಾತ್ರ ಬಿಡಬೇಡ," ಎಂದು ನಗುತ್ತ ಹಲಗೆಯನ್ನು ಕೈಗಿತ್ತಳು.

ಈಸ್ಟರ್‌ಗೆ ಬರುವಾಗ ಅಮ್ಮ ಕಟ್ಟಿದ ಪೊರಕೆ ತಾ. ಇಲ್ಲಿನವು ಮೂಲೆಗೆ ಹೋಗುವುದಿಲ್ಲ. ನಾವು ವಾಪಸು ಬರುತ್ತೇವೆಂದು ಊರಲ್ಲಿ ಇಟ್ಟಿರುವ ನಮ್ಮ ಕೋಣೆಯ ಹಾಸಿಗೆಯನ್ನು ಇನ್ನು ಬಿಸಿಲಿಗೆ ಹಾಕುತ್ತ ಕೂರಬೇಡ. ತಮ್ಮನಿಗೆ ಕೊಟ್ಟುಬಿಡು.

ನಿನ್ನ ಮಗಳು,
ರುಮ್ಯಾನಾ