ಪ್ಲೇಟಿಗೂ ಫೋನಿಗೂ ಪಂದ್ಯ

ಕೊಡಿಗೇನಹಳ್ಳಿ
ಜೂನ್ 9, 2024

ಪ್ರೀತಿಯ ಸಹನಾ,

ಲಿಂಗಸುಗೂರಿನ ಬಿಸಿಲಿಗೆ ತಲೆನೋವು ಅಂದಿದ್ದೆಯಲ್ಲ, ಈಗ ಹೇಗಿದೆ? ಮಜ್ಜಿಗೆ ಕುಡಿ, ಸ್ಕೂಲಿನ ಮಕ್ಕಳ ಮೇಲೆ ರೇಗಬೇಡ. ನಿನ್ನ ಸೋದರಮಾವ ಎಂದಿನಂತೆ ಗುಂಡುಕಲ್ಲು. ನಿಮ್ಮಮ್ಮನೂ ಗಟ್ಟಿ, ಒಂದು ವಿಷಯ ಬಿಟ್ಟು. ಅದನ್ನು ಹೇಳಲೆಂದೇ ಕಾಗದ ಹಿಡಿದಿದ್ದೇನೆ. ಫೋನಿನಲ್ಲಿ ಹೇಳಿದರೆ ಅವಳಿಗೆ ಚಾಡಿ ತಲುಪಿಸಲು ಈ ಮನೆಯಲ್ಲಿ ಬೇಕಾದಷ್ಟು ಜನರಿದ್ದಾರೆ.

ಪಾವಗಡದ ಸ್ಕೂಲು ಬೇಡವೆಂದು ದೂರದ ಊರು ಆರಿಸಿಕೊಂಡೆ ಅಂತ ಅಮ್ಮನಿಗೆ ನಿನ್ನ ಮೇಲೆ ಕೋಪ, ಫೋನ್ ಮಾಡಿದರೆ ‘ಹೂಂ, ಆಯ್ತು’ ಅಂದು ನಮ್ಮ ಕೈಗೆ ಕೊಟ್ಟುಬಿಡುತ್ತಾಳೆ, ಇನ್ನು ಫೋನೇ ಮಾಡುವುದಿಲ್ಲ ಎಂದು ನೀನು ಬರೆದಿದ್ದೆಯಲ್ಲ. ನಾವೂ ಅದು ಕೋಪವೆಂದೇ ತಿಳಿದಿದ್ದೆವು.

ಈಗ ಕೇಳು. ನನ್ನ ಹಳೆಯ ಮೈಕ್ ಸೆಟ್ಟಿನ ರೆಕಾರ್ಡ್ ಪ್ಲೇಯರನ್ನು ಶಿರಾದ ಬುಡನ್ ಸಾಬರು ರಿಪೇರಿ ಮಾಡಿಕೊಟ್ಟರು. ಸುತ್ತಲ ಮದುವೆಗಳಿಗೆಲ್ಲ ಹಾಡಿನ ಪ್ಲೇಟು ಹಾಕಿದವನು ನಾನು. ನಾನು ಸೂಜಿ ಇಡುವ ಅಂದ ನೋಡಲು ಹಿಂದೂಪುರದಿಂದ ಜನ ಬರುತ್ತಿದ್ದರು. (ಹಿಂದೂಪುರದ ಬಸ್ಸು ನಮ್ಮಲ್ಲಿ ನಿಲ್ಲುತ್ತಿತ್ತು ಅನ್ನುವುದಂತೂ ನಿಜ.) ದೊಡ್ಡ ಮರದ ಸ್ಪೀಕರ್ ಪೆಟ್ಟಿಗೆಯನ್ನು ಜಗಲಿಗೆ ತಂದು ಒಂದು ಪ್ಲೇಟು ಹಾಕಿದೆನೋ ಇಲ್ಲವೋ, ನನ್ನ ಮಗ ಚೇತನ್ ನಕ್ಕ. ‘ಅಪ್ಪಾ, ಕಡ್ಲೆ ಹುರ್ದಂಗೆ ಚಟಪಟ ಅಂತೈತೆ, ಇದು ಹಾಡಾ? ನನ್ ಫೋನ್ ಕೇಳು, ತಿಳಿನೀರಿದ್ದಂಗೈತೆ.’ ನಾನು ಬಿಡುತ್ತೇನೆಯೇ? ‘ಲೇ, ನಿನ್ ಫೋನು ಹಾಡ್ತಿಲ್ಲ ಕಣ್ಲಾ, ಒದರ್ತೈತೆ. ನನ್ ಪ್ಲೇಟ್ನಾಗೆ ಹಾಡೋರು ಉಸ್ರು ಎಳ್ಕಳೋದೂ ಕೇಳ್ತೈತೆ’ ಅಂದೆ. ಪಂದ್ಯವೇ ಆಗಿಹೋಯಿತು.

ತೀರ್ಪು ಹೇಳಲು ನಿಮ್ಮಮ್ಮ. ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತ ಕೂತಿದ್ದಳು. ಹಾಡು ಕೇಳಿದರೆ ಅವಳ ಬೆರಳು ತಾಳಕ್ಕೇ ಕಾಯಿ ಒಡೆಯುತ್ತದೆ, ನಿನಗೆ ಗೊತ್ತೇ ಇದೆ. ಬಾಯಿ ಮುಲಾಜಿಗೆ ಸುಳ್ಳು ಹೇಳೀತು, ಬೆರಳು ಹೇಳದು. ಪ್ಲೇಟು ತಿರುಗಿತು. ಪಟ್, ಪಟ್, ತಾಳ ತಪ್ಪಲಿಲ್ಲ. ಚೇತನ್ ಫೋನು ಹಾಕಿದ. ಬೆರಳು ತನ್ನ ಪಾಡಿಗೆ ತಾನು ಹೋಯಿತು. ನಾನು ಟವೆಲ್ ಬೀಸಿ ಕುಣಿದೆ. ಅವನು ಸೋಲೊಪ್ಪದೆ ಫೋನನ್ನು ಅವಳ ಕಿವಿಗೇ ಹಿಡಿದ, ಬೇಸತ್ತು ಹಾಡು ನಿಲ್ಲಿಸಿಯೂಬಿಟ್ಟ. ಅವಳು ಮಾತ್ರ ಇನ್ನೂ ತಲೆದೂಗುತ್ತ ‘ಚೆನ್ನಾಗ್ ಹಾಡ್ತಾವ್ನೆ ಕಣಪ್ಪ’ ಅಂದಳು.

ಎಲ್ಲರೂ ನಕ್ಕೆವು. ಆಮೇಲೆ ಯಾರೂ ನಗಲಿಲ್ಲ.

ಚೇತನ್ ಒಂದು ವಯರು ತಂದು ಫೋನನ್ನು ನನ್ನ ಪೆಟ್ಟಿಗೆಗೇ ಸಿಕ್ಕಿಸಿದ. ಅದೇ ಹಾಡು ಮರದೊಳಗಿಂದ ದಪ್ಪಗೆ ಬಂತು. ಪಟ್, ಪಟ್, ಬೆರಳು ತಾಳಕ್ಕೆ ಕೂತಿತು. ತಪ್ಪು ಪ್ಲೇಟಿನದೂ ಅಲ್ಲ, ಫೋನಿನದೂ ಅಲ್ಲ ಮಗಳೇ. ಅವಳ ಕಿವಿಗೆ ಸಣ್ಣ ದನಿ ಹತ್ತುತ್ತಿಲ್ಲ. (ಒಂದೇ ಪೆಟ್ಟಿಗೆಯಲ್ಲಿ ಕೇಳಿದರೆ ಎರಡಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಇದನ್ನು ಚೇತನನಿಗೆ ಹೇಳಬೇಡ.)

ಪಕ್ಕ ಕೂತು ಕೇಳಿದೆ. ಸಿಪ್ಪೆ ಕೆದಕುತ್ತ ಅಂದಳು, ‘ಫೋನ್ನಾಗೆ ಬರೀ ಗುಂಯ್ ಅಂತೈತೆ ಕಣೋ. ಕಿವುಡಿ ಅಂತಾರಲ್ಲ ಅಂತ ಹೂಂ ಅಂದ್ಕಂಡೇ ಬಂದೆ. ಮಗು ಏನೇನ್ ಹೇಳ್ಕಂತೋ ಏನೋ, ಒಂದೂ ತಿಳೀನಿಲ್ಲ.’ ಕೋಪವಂತೆ ಕೋಪ! ಬಿತ್ತನೆ ಮುಗಿದ ಮೇಲೆ ತುಮಕೂರಿನ ಡಾಕ್ಟರಿಗೆ ಕಿವಿ ತೋರಿಸುತ್ತೇನೆ. ಬರಲೊಲ್ಲೆ ಎಂದರೆ ಹೊತ್ತುಕೊಂಡೇ ಹೋಗುವ ರಟ್ಟೆ ನನಗಿನ್ನೂ ಇದೆ.

ನಿನಗೂ ನಿನ್ನ ಪಾಠ ಕೇಳುವ ಮಕ್ಕಳಿಗೂ ಒಳ್ಳೆಯದಾಗಲಿ.

ನಿನ್ನ ಸೋದರಮಾವ,
ಭೀಮರಾಜು

ಇನ್ನೊಂದು ಮಾತು: ಕವರು ಅಂಟಿಸುವಷ್ಟರಲ್ಲಿ ನಿಮ್ಮಮ್ಮ ಚೇತನನನ್ನು ಒಳಗೆ ಕರೆದು ಕೇಳಿದಳು, ‘ಸಹನಾ ಮಾತಾಡಿದ್ರೆ ಅದ್ನೂ ಆ ಪೆಟ್ಟಿಗೆಗೆ ಹಾಕಾಕಾಯ್ತದೇನ್ಲಾ?’ ಆಗುತ್ತದಂತೆ. ವಯರು ಬಿಚ್ಚಿಲ್ಲ. ಬರುವ ಭಾನುವಾರ ಬೆಳಗ್ಗೆ ಚೇತನನ ಫೋನಿಗೆ ಮಾಡು. ಕಿರುಚಬೇಡ, ದನಿ ತಗ್ಗಿಸಿ ನಿಧಾನವಾಗಿ ಮಾತಾಡು. ನೀನಾಡಿದ್ದು ಇಡೀ ಬೀದಿಗೆ ಕೇಳುತ್ತದೆ, ಹೇಳಿರುತ್ತೇನೆ. ಗುಟ್ಟಿನ ಮಾತೇನಾದರೂ ಇದ್ದರೆ ಬಸ್ಸು ಹತ್ತಿ ಬಾ.